ಒಟ್ಟಾರೆಯಪ್ಪನ ಹಿಂಬಾಗಿಲು

ಹೆತ್ತವರು ಇಟ್ಟ ಹೆಸರಿನಿಂದ ಅವನನ್ನು ಆ ಬಟ್ಟೆ ಕಾರ್ಖಾನೆಯಲ್ಲಿ ಯಾರೂ ಕರೆಯುತ್ತಿರಲಿಲ್ಲ. ಬಾಯಿ ತೆರೆದರೆ "ಒಟ್ಟಾರೆ ನೋಡಿದ್ರೆ" ಎನ್ನುತ್ತಿದ್ದ ಸೂಪರ್‌ವೈಸರ್, ಹೊಲಿಗೆಯ ಹೆಂಗಸರ ಬಾಯಲ್ಲಿ ಒಟ್ಟಾರೆಯಪ್ಪನಾಗಿದ್ದ. ಯಾರಾದರೂ ಮೂತ್ರಕ್ಕೆ ಎದ್ದರೆ, ಒಬ್ಬಳ ಅವಸರ ತಕ್ಕಡಿಯ ಒಂದು ತಟ್ಟೆಗೆ, ಇಡೀ ಸಾಲಿನ ಕಾಲರು, ತೋಳು ಇನ್ನೊಂದಕ್ಕೆ. ತೂಗುವವನು ಅವನೇ ಆದ್ದರಿಂದ ಅವಸರ ಯಾವತ್ತೂ ಹಗುರ.

ಹಿಂಬಾಗಿಲಿಗೆ ಬೀಗ ಹಾಕಿಸಿದ್ದೂ ಹಾಗೆಯೇ. ಗಾಳಿಗೆಂದು ಇಬ್ಬರು ಹೊರಗೆ ಹೋದರೆ ಎಲ್ಲರ ಬೋನಸ್ಸಿಗೂ ಕತ್ತರಿಯಂತೆ! ದಿನಾ ಬೀಗ ಹಾಕುವ ಕೆಲಸವನ್ನು ನಂಬಿಕಸ್ತಳೆಂದು ಒಡಹುಟ್ಟಿದ ಅಕ್ಕನಿಗೆ ಒಪ್ಪಿಸಿದ್ದ. ಅವಳು ಅಲ್ಲೇ ಹೊಲಿದ ಅಂಗಿಗಳ ದಾರ ಕತ್ತರಿಸುತ್ತಿದ್ದಳು.

"ಬೆಂಕಿ ಬಿದ್ರೆ ಏನೋ ಗತಿ?" ಎಂದಿದ್ದಳು ಅಕ್ಕ.

"ಇಷ್ಟು ವರ್ಷ ಬಿದ್ದಿದೆಯಾ? ಫಲ ನೋಡಿ ಮಾತಾಡಕ್ಕಾ."

ಬಿತ್ತು. ಇಸ್ತ್ರಿ ಮೇಜಿನ ಕೆಳಗಿನ ಚಿಂದಿ ಹೊತ್ತಿಕೊಂಡಿತು. ಸೂಪರ್‌ವೈಸರ್ ಬದುಕಿದರೆ ಎಲ್ಲರಿಗೂ ಒಳ್ಳೆಯದೆಂದು ಒಟ್ಟಾರೆಯಪ್ಪನ ಕಾಲುಗಳು ತಾವೇ ತೀರ್ಮಾನಿಸಿ, ಮುಂಬಾಗಿಲಿಗೆ ಹೊಗೆ ಮುತ್ತುವ ಮೊದಲೇ ಅವನನ್ನು ಹೊರಗೆ ದಾಟಿಸಿದವು. ಉಳಿದವರು? ಕೆಮ್ಮುತ್ತಾ ತಿರುಗಿ ನೋಡಿದರೆ, ಕಟ್ಟಡದ ಹಿಂದಿನಿಂದ ಹೆಂಗಸರೆಲ್ಲ ಬರುತ್ತಿದ್ದಾರೆ. ಒಬ್ಬರ ಕೂದಲೂ ಕೊಂಕಿಲ್ಲ.

"ನೋಡಿದ್ರಾ! ಯಾರಿಗೂ ಏನೂ ಆಗಿಲ್ಲ. ಅಂದ್ಮೇಲೆ ನನ್ನ ನಿಯಮ ಸರಿನೇ."

"ನಿನ್ನ ನಿಯಮ ಹಾಳಾಗ. ನಾನು ಒಂದು ದಿನಾನೂ ಬೀಗ ಒತ್ತಿಲ್ಲ ಕಣೋ, ಸುಮ್ನೆ ಸಿಗಿಸಿ ಬರ್ತಿದ್ದೆ," ಎಂದಳು ಅಕ್ಕ.

"ಹೇಳಿದ ಮಾತು ಮೀರಿದ್ಯಾ? ತಪ್ಪಲ್ವಾ ಅದು?"

"ಫಲ ನೋಡೋ."

"ಅದು ಅದೃಷ್ಟ!"

ಇಂಥವರ ಶಾಸ್ತ್ರವೇ ಹೀಗೆ. ತಾವು ಮಾಡಿದ ತಪ್ಪಿನಿಂದ ಹೆಣ ಬೀಳದಿದ್ದರೆ ಅದು ಜಾಣತನ. ಬೇರೆಯವರ ಜಾಣತನದಿಂದ ಜೀವ ಉಳಿದರೆ ಅದೃಷ್ಟ. ಹೆಚ್ಚು ಜನರ ಒಳಿತು ಎಂದು ಕೂಗುವವನು ಆ ಜನರನ್ನು ಒಮ್ಮೆಯೂ ಕೇಳಿರುವುದಿಲ್ಲ.

ಗೋಡೆಯ ಮಸಿ ತೊಳೆದು ಕೆಲಸ ಮತ್ತೆ ಶುರುವಾದ ಬೆಳಿಗ್ಗೆ ಅವನು ದಪ್ಪನೆಯ ಹೊಸ ಬೀಗ ತಂದು ಹಿಂಬಾಗಿಲಿಗೆ ತಾನೇ ಜಡಿದ. ತಿರುಗಿದರೆ ಒಂದು ಮಷಿನ್ನೂ ಸದ್ದು ಮಾಡುತ್ತಿಲ್ಲ. ಹೆಂಗಸರೆಲ್ಲ ಕೈಕಟ್ಟಿ ನಿಂತಿದ್ದಾರೆ. ಗದರಿದ, ಪುಸಲಾಯಿಸಿದ, ಯಾರೂ ಕೂರಲಿಲ್ಲ. ಸಂಜೆಯೊಳಗೆ ಲಾರಿ ತುಂಬಬೇಕು.

"ಈ ಬೀಗದಿಂದ ಇವತ್ತು ಯಾರಿಗೆ ಲಾಭನಪ್ಪಾ? ಮಾಲೀಕರಿಗೆ ಮಾಲಿಲ್ಲ, ನಮಗೆ ಕೂಲಿ ಇಲ್ಲ, ನಾಳೆ ನಿನಗೆ ಕುರ್ಚಿನೂ ಇಲ್ಲ," ಎಂದಳು ಅಕ್ಕ.

ಕುರ್ಚಿಯ ಮಾತು ಬಂದದ್ದೇ ತಡ, ಒಟ್ಟಾರೆಯಪ್ಪ ಹಿಂಬಾಗಿಲಿಗೆ ಓಡಿದ. ಬೀಗ ತೆಗೆದು ಬಾಗಿಲನ್ನು ಪೂರ್ತಿ ತೆರೆದಿಟ್ಟ. ಮಷಿನ್ನುಗಳು ಓಡತೊಡಗಿದವು. ಅವನು ಮಾತ್ರ ಹೊಸ್ತಿಲಲ್ಲೇ ನಿಂತಿದ್ದ.

"ಇಷ್ಟು ಒಳ್ಳೆ ಕೆಲಸ ಮಾಡಿದ್ದೀನಿ, ಒಬ್ಬರಾದ್ರೂ ಒಂದು ಮಾತು ಹೇಳಬಾರ್ದಾ?"

"ಪಕ್ಕಕ್ಕೆ ಸರಿಯೋ, ಗಾಳಿ ಬರಲಿ," ಎಂದಳು ಅಕ್ಕ.