ಹಾನುಸನ ಸೀಲ್ ಚರ್ಮ

ಮೂವತ್ತೊಂದು ವರ್ಷ ಮೀನಿನ ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದ ಹಾನುಸನಿಗೆ ಮೆಲ್ಲಗೆ ಮಾತಾಡುವುದೇ ಗೊತ್ತಿಲ್ಲ. ಫ್ಯಾರೋ ದ್ವೀಪದ ಈ ಪುಟ್ಟ ಊರಿನ ಗ್ರಂಥಾಲಯ ನೋಡಿಕೊಳ್ಳುವವಳು ನಾನು. ‘ಸದ್ದು ಮಾಡಬೇಡಿ’ ಎಂದು ಫಲಕ ಬರೆದವಳೂ ನಾನೇ. ಶನಿವಾರ ಅವನು ಅಲ್ಲಿ ಮಕ್ಕಳಿಗೆ ಕಥೆ ಶುರು ಮಾಡಿದನೆಂದರೆ ಆ ಫಲಕಕ್ಕೆ ಕವಡೆ ಕಿಮ್ಮತ್ತಿಲ್ಲ.

ಅವನ ವೇಷಗಳೋ, ದೇವರಿಗೇ ಪ್ರೀತಿ. ಸೊಂಟಕ್ಕೆ ಹಗ್ಗದ ಬಾಲ ಸಿಕ್ಕಿಸಿದರೆ ಬೆಟ್ಟದ ರಾಕ್ಷಸ. ಬೂದು ಕಂಬಳಿಗೆ ಕಣ್ಣಾಗಿ ಎರಡು ಕರಿ ಗುಂಡಿ ಹೊಲಿದು ಹೊದ್ದರೆ, ಸೀಲ್ ಎಂಬ ಕಡಲಪ್ರಾಣಿಯ ಚರ್ಮ ತೊಟ್ಟ ಸೀಲ್ ಹೆಣ್ಣು. ಎದೆಯುದ್ದ ಗಡ್ಡದ ಆ ಸೀಲ್ ಹೆಣ್ಣು ದಡದಲ್ಲಿ ಚರ್ಮ ಕಳಚಿಟ್ಟು, ಮನುಷ್ಯಳಾಗಿ ಕುಣಿಯುತ್ತಾಳೆ. ಒಬ್ಬ ರೈತ ಅದನ್ನು ಕದ್ದು ಪೆಟ್ಟಿಗೆಗೆ ಹಾಕಿ, ಅವಳನ್ನು ಮದುವೆಯಾಗುತ್ತಾನೆ. ಆ ಮದುವೆಗೆ ನಾವೆಲ್ಲ ಕೈ ಕೈ ಹಿಡಿದು, ನೆಲ ಕುಟ್ಟಿ ಕುಣಿಯಬೇಕು. ಚರ್ಮವಿಲ್ಲದೆ ಅವಳು ಸಮುದ್ರಕ್ಕೆ ಹೋಗುವಂತಿಲ್ಲ; ಒಂದು ದಿನ ಪೆಟ್ಟಿಗೆಯ ಕೀಲಿ ಸಿಗುತ್ತದೆ, ಚರ್ಮ ತೊಟ್ಟು ಹೊರಟುಬಿಡುತ್ತಾಳೆ. ನಮ್ಮಲ್ಲಿ ಈ ಕಥೆ ತಿಳಿಯದ ಕೂಸಿಲ್ಲ.

ಈ ಫೆಬ್ರವರಿಯಲ್ಲಿ ಅವನ ಹಳೇ ಹಡಗಿನ ಕ್ಯಾಪ್ಟನ್ ಯೋಗ್ವನ್ ಹೇಳಿ ಕಳಿಸಿದ: ಅಡುಗೆಯವನ ಕಾಲು ಮುರಿದಿದೆ, ನಾಲ್ಕು ತಿಂಗಳು ಬಾ. ಹಾನುಸ್ ಹೂಂ ಅಂದುಬಿಟ್ಟ. ಆರು ವರ್ಷದ ಮೊಮ್ಮಗಳು ಸೋಲ್ಯ ಅವನ ಜೊತೆ ಮಾತು ಬಿಟ್ಟಳು.

“ಅಭ್ಯಾಸ ಆಗುತ್ತೆ ಬಿಡು. ಇವಳಮ್ಮನಿಗೆ ಆಗ್ಲಿಲ್ವಾ?” ಎಂದ ನನ್ನೆದುರು. ನನಗೆ ಮೈಯೆಲ್ಲ ಉರಿಯಿತು. ಅವನ ಮಗಳು ಮಾರ್ಯುನ್ ಚಿಕ್ಕವಳಿದ್ದಾಗ ಬಂದರಿನ ಕಟ್ಟೆಯ ಮೇಲೆ ಕೂತು ಅತ್ತದ್ದನ್ನು ನೋಡಿದವಳು ನಾನು.

ಸೋಮವಾರ ಹಾನುಸ್ ಹೊರಡಬೇಕು. ಶನಿವಾರ ಗ್ರಂಥಾಲಯದ ಬಾಗಿಲಲ್ಲಿ ಬೂಟುಗಳ ರಾಶಿ, ಒಳಗೆ ಉಣ್ಣೆಯ ಕಾಲುಚೀಲದಲ್ಲಿ ಮಕ್ಕಳು, ಅಪ್ಪ ಅಮ್ಮಂದಿರು. ಮದುವೆಯ ಕುಣಿತ ಮುಗಿಯಿತು. ಹಾನುಸ್ ಕೀಲಿ ತಿರುಗಿಸಿದಂತೆ ಮಾಡಿ ಪೆಟ್ಟಿಗೆ ತೆರೆದ. ಕಂಬಳಿ ಇಲ್ಲ.

“ಬಿಲ್ಲಾ, ನನ್ನ ಚರ್ಮ ಎಲ್ಲಿಟ್ಟೆ?” ಎಂದು ನನ್ನನ್ನು ಕೇಳಿದ.

“ನಿನ್ನ ಚರ್ಮ ಕಾಯೋದೂ ನನ್ನ ಕೆಲಸಾನಾ?” ಎಂದೆ.

ಮಕ್ಕಳು ಕಪಾಟುಗಳ ಹಿಂದೆಲ್ಲ ಹುಡುಕಿದರು. ಸೋಲ್ಯ ಮಾತ್ರ ಕೂತಲ್ಲೇ ಕೂತಿದ್ದಳು. ಅವಳ ಸ್ವೆಟರ್ ಕುಂಬಳಕಾಯಿಯ ಹಾಗೆ ಉಬ್ಬಿತ್ತು, ಅಂಚಿನಲ್ಲಿ ಒಂದು ಕರಿ ಗುಂಡಿ ಇಣುಕುತ್ತಿತ್ತು.

ಹಾನುಸ್ ಮಂಡಿಯೂರಿದ. “ಕೊಡಮ್ಮ, ಕಥೆ ಮುಗಿಸ್ಬೇಕು.”

“ಕೊಡಲ್ಲ. ಚರ್ಮ ಇಲ್ದೆ ಸಮುದ್ರಕ್ಕೆ ಹೋಗೋ ಹಾಗಿಲ್ಲ. ನೀನೇ ಹೇಳಿದ್ದು, ತಾತ.”

ಯಾರೂ ನಗಲಿಲ್ಲ. ಹಾನುಸ್ ಮಗಳತ್ತ ತಿರುಗಿ, “ನೀನು ಹೇಳ್ಕೊಟ್ಯಾ?” ಎಂದು ಕೇಳಿದ.

“ಇಲ್ಲಪ್ಪ,” ಎಂದಳು ಮಾರ್ಯುನ್. “ಇವಳ ವಯಸ್ಸಲ್ಲಿ ನಂಗೆ ಇಷ್ಟು ಬುದ್ಧಿ ಇದ್ದಿದ್ರೆ ನಾನೂ ಬಚ್ಚಿಡ್ತಿದ್ದೆ.”

ಹಾನುಸ್ ನೆಲದ ಮೇಲೇ ಕೂತುಬಿಟ್ಟ. ಗಡ್ಡ ನೀವಿಕೊಂಡ. ಆಮೇಲೆ ನನ್ನ ಫಲಕದ ಕೆಳಗೇ ಫೋನು ತೆಗೆದು, ಊರಿಗೆಲ್ಲ ಕೇಳುವಂತೆ ಮಾತಾಡಿದ.

“ಯೋಗ್ವನ್, ಸೋಮವಾರ ಬರೋಕಾಗಲ್ಲ. ನನ್ನ ಚರ್ಮ ಕಳೆದ್ಹೋಗಿದೆ.”

ಯೋಗ್ವನ್ ಕೂಡ ಇದೇ ದ್ವೀಪದಲ್ಲಿ ಹುಟ್ಟಿ, ಈ ಕಥೆ ಕೇಳಿ ಬೆಳೆದವನಲ್ಲವೆ?

“ಯಾರು ಬಚ್ಚಿಟ್ರು?” ಎಂಬ ಅವನ ದನಿ ನಮಗೂ ಕೇಳಿಸಿತು.

“ಮೊಮ್ಮಗಳು.”

“ಹಾಗಾದ್ರೆ ನಾನು ಕೇಳೋದು ತಪ್ಪಾಗುತ್ತೆ. ಬೇರೆಯವನನ್ನ ನೋಡ್ಕೋತೀನಿ ಬಿಡು.”

ಆಮೇಲೆ ಇನ್ನೊಂದು ಸಲ ಕುಣಿದೆವು. ನೆಲ ಕುಟ್ಟಿದ ಅಬ್ಬರಕ್ಕೆ ಫಲಕ ಕಳಚಿ ಬಿತ್ತು. ನಾನು ಎತ್ತಿಡಲು ಹೋಗಲಿಲ್ಲ, ಮಾರ್ಯುನಳ ಕೈ ಬಿಡಲು ಮನಸ್ಸಾಗಲಿಲ್ಲ.

ಕಂಬಳಿ ಈಗ ಸೋಲ್ಯಳದು. ಶನಿವಾರ ಹನ್ನೊಂದಕ್ಕೆ ತಾತನಿಗೆ ಎರವಲು ಕೊಡುತ್ತಾಳೆ, ಹನ್ನೆರಡಕ್ಕೆ ವಾಪಸು ಇಸಿದುಕೊಂಡು ಮಡಿಚಿ ಮನೆಗೆ ಒಯ್ಯುತ್ತಾಳೆ.