ಮುತ್ಲಾ ಗುಡ್ಡದಲ್ಲಿ ಮುಳುಗಿದ ದೋಣಿ

ಕುವೈತಿಗೆ ಹೋದ ಹೊಸತರಲ್ಲಿ ನಾನು ಮಂಗಫ್‌ನಲ್ಲಿ ಅಕ್ಕನ ಮನೆಯಲ್ಲಿದ್ದೆ. ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಭಾವ ಫಹಾಹೀಲಿನಲ್ಲಿ ದೋಣಿಗಳಿಗೆ ಬೇಕಾದ ಹಗ್ಗ, ಲಂಗರು, ಲೈಫ್ ಜಾಕೆಟ್ ಮಾರುವ ಅಂಗಡಿಯಲ್ಲಿ ಸೇಲ್ಸ್‌ಮನ್. ಸ್ವತಃ ಸಮುದ್ರಕ್ಕೆ ಮೊಣಕಾಲಿಗಿಂತ ಹೆಚ್ಚು ಇಳಿದವರಲ್ಲ. ಆದರೆ ಗಿರಾಕಿಗಳಿಗೆ ಬಿರುಗಾಳಿಯ ವರ್ಣನೆ ಶುರುಮಾಡಿದರೆಂದರೆ ಕೇಳುವವರ ಅಂಗಿ ಒದ್ದೆಯಾಗಬೇಕು.

ಒಂದು ಚಳಿಗಾಲ ಅವರಿಗೆ ಚಾರಣದ ಹುಚ್ಚು ಹಿಡಿಯಿತು. ಕುವೈತಿನಲ್ಲಿ ಹತ್ತುವುದಕ್ಕೆ ಅಂತ ಇರುವುದೇ ಮುತ್ಲಾ ಎಂಬ ದಿಬ್ಬ. ನಮ್ಮೂರಿನಲ್ಲಾದರೆ ಅಂಥದ್ದರ ತುದಿಯಲ್ಲಿ ಶಾಲೆ ಕಟ್ಟಿ ಮಕ್ಕಳನ್ನು ದಿನವೂ ಹತ್ತಿಸಿ ಇಳಿಸುತ್ತಾರೆ. ಭಾವ ಮಾತ್ರ ಹಿಮಾಲಯಕ್ಕೆ ಹೊರಟವರಂತೆ ಹೊಸ ಬೂಟು, ಅಗಲ ಟೋಪಿ, ಕಪ್ಪು ಕನ್ನಡಕ ತಂದರು. ಶುಕ್ರವಾರ ಬೆಳಿಗ್ಗೆ ಹೊರಡುವಾಗ ಅವರ ಕುತ್ತಿಗೆಯಲ್ಲಿ ಫ್ಲಾಸ್ಕಿನಂಥ ಒಂದು ಹಳದಿ ವಸ್ತು ನೇತಾಡುತ್ತಿತ್ತು. ಅದಕ್ಕೊಂದು ಆಂಟೆನಾ ಬೇರೆ.

"ಇದೆಂತ ಭಾವ?"

"ಬೀಕನ್ ಮಾರಾಯಾ. ಜೀವ ಹೋಗುವ ಹಾಗಾದ್ರೆ ಬಟನ್ ಒತ್ತುವುದು. ಸೀದಾ ಸ್ಯಾಟಲೈಟಿಗೆ ಹೋಗ್ತದೆ. ನಾವು ಎಲ್ಲಿದ್ರೂ ಹುಡುಕಿಕೊಂಡು ಬರ್ತಾರೆ."

"ಎಲ್ಲಿಂದ ತಂದ್ರಿ?"

"ಬ್ಯಾಟರಿ ಹಾಕ್ಲಿಕ್ಕೆ ಅಂಗಡಿಗೆ ಬಂದದ್ದು, ಹಾಕಿ ಆಯ್ತು. ನಾಳೆ ವಾಪಸ್ ಇಟ್ರಾಯ್ತು."

ದಿಬ್ಬದ ಬುಡದಲ್ಲಿ ಕಾರು ನಿಲ್ಲಿಸಿದೆವು. ನಾನು ನೀರಿನ ಕ್ಯಾನ್ ಎತ್ತಿಕೊಂಡಾಗ ಭಾವ ತಡೆದರು. "ಆ ಭಾರ ಯಾಕೆ? ನಮ್ಮತ್ರ ಬೀಕನ್ ಉಂಟಲ್ಲ." ಕ್ಯಾನ್ ಕಾರಿನಲ್ಲೇ ಉಳಿಯಿತು. ಅಕ್ಕನ ಚೀಲದಲ್ಲಿ ನೀರುದೋಸೆ, ಒಣ ಸಿಗಡಿ ಚಟ್ನಿ ಮತ್ತು ಮಾವಿನ ಉಪ್ಪಿನಕಾಯಿ ಇದ್ದವು.

ಮೇಲೆ ಹತ್ತಿ ಕುಳಿತು ಚೆನ್ನಾಗಿಯೇ ತಿಂದೆವು. ಖಾರ ನೆತ್ತಿಗೇರಿದ ಮೇಲೆ ಗೊತ್ತಾಯಿತು, ನಮ್ಮ ಬಳಿ ನೀರು ಎಂಬುದು ಇದ್ದದ್ದು ದೋಸೆಯ ಹೆಸರಿನಲ್ಲಿ ಮಾತ್ರ. ಹೊಸ ಬೂಟು ಭಾವನ ಹಿಮ್ಮಡಿಯನ್ನೂ ಕಚ್ಚಿತ್ತು. ಅವರು ಒಂದು ಕಲ್ಲಿನ ಮೇಲೆ ಕುಳಿತವರು ಏಳಲೇ ಇಲ್ಲ.

"ಒತ್ತುತ್ತೇನೆ," ಎಂದರು.

"ಮರ್ಲಾ ನಿಮಗೆ, ತಲೆ ಕೆಟ್ಟಿದಾ? ಅಗೋ, ಕಾರು ಕಾಣ್ತಾ ಉಂಟು!" ಎಂದಳು ಅಕ್ಕ.

"ಕಾಣ್ತದೆ. ಆದ್ರೆ ಮುಟ್ಲಿಕ್ಕೆ ಆಗಬೇಕಲ್ಲ?"

ಒತ್ತಿಯೇ ಬಿಟ್ಟರು. ಹಳದಿ ವಸ್ತುವಿನ ತಲೆಯಲ್ಲಿ ದೀಪ ಮಿನುಗತೊಡಗಿತು. ನಾವು ಮೂವರೂ ಆಕಾಶ ನೋಡುತ್ತಾ ಕುಳಿತೆವು. ಬಹಳ ಹೊತ್ತು ಯಾರೂ ಬರಲಿಲ್ಲ. ಅಕ್ಕನಿಗೆ ರೇಗಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದು ಹೋದಳು. ಕಾರಿನಿಂದ ನೀರಿನ ಕ್ಯಾನ್ ಹೊತ್ತು ಮತ್ತೆ ಹತ್ತಿ ಬಂದಳು. ಗಟಗಟ ಕುಡಿದ ಭಾವನಿಗೆ ಜೀವ ಬಂತು. ಬೂಟು ಸರಿಮಾಡಿಕೊಂಡು, "ಚಲೋ, ಇಳಿಯುವ," ಎಂದು ಎದ್ದು ನಿಂತರು.

ಹೆಲಿಕಾಪ್ಟರ್ ಬಂದದ್ದು ಆಗ.

ಅದರ ಗಾಳಿಗೆ ಭಾವನ ಟೋಪಿ ಹಾರಿ ಇರಾಕಿನ ದಿಕ್ಕಿಗೆ ಹೋಯಿತು. ಭಾವ ಅಕ್ಕನ ಕಿವಿಯ ಹತ್ತಿರ ಬಾಯಿಟ್ಟು ಕಿರುಚಿದರು: "ನೀನು ಮಲಗು ಮಾರಾಯ್ತಿ! ತಲೆ ತಿರುಗಿತು ಅಂತ ಹೇಳುವ!"

"ನಾನ್ಯಾಕೆ? ಬಟನ್ ಒತ್ತಿದ್ದು ನೀವು, ಸಾಯುವುದೂ ನೀವೇ!"

ಬೇರೆ ದಾರಿ ಕಾಣದೆ ಭಾವ ಅಲ್ಲೇ ಅಂಗಾತ ಮಲಗಿ ಕಣ್ಣು ಮುಚ್ಚಿದರು. ಕಪ್ಪು ಕನ್ನಡಕ ತೆಗೆಯುವುದಕ್ಕೆ ಮರೆತಿದ್ದರು.

ಇಳಿದು ಬಂದ ರಕ್ಷಣಾ ಸಿಬ್ಬಂದಿಯ ಕೈಯಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳಿದ್ದವು. ನನಗೆ ತಲೆಬುಡ ತಿಳಿಯಲಿಲ್ಲ. ಅವರ ಅಧಿಕಾರಿ ಸುತ್ತಲಿನ ಮರಳನ್ನೊಮ್ಮೆ ನೋಡಿ ಕೇಳಿದ: "ಬೋಟ್? ವೇನ್ ಬೋಟ್?"

ದೋಣಿ ಎಲ್ಲಿ ಅಂತ! ಆ ಬೀಕನ್ ಯಾವುದೋ ದೋಣಿಯ ಹೆಸರಿನಲ್ಲಿ ನೋಂದಣಿಯಾಗಿತ್ತು. ಆಕಾಶಕ್ಕೆ ಹೋದ ಸುದ್ದಿ, ಮರುಭೂಮಿಯ ನಡುವೆ ಒಂದು ದೋಣಿ ಮುಳುಗುತ್ತಿದೆ ಎಂದು.

ಅಧಿಕಾರಿ ಮಲಗಿದ್ದ ಭಾವನನ್ನು ಕಂಡು ಗಡಿಬಿಡಿಯಲ್ಲಿ ಬಾಗಿದ. "ಮರೀದ್?" ರೋಗಿಯೇ ಎಂಬ ಪ್ರಶ್ನೆ.

ಆಸ್ಪತ್ರೆಯಲ್ಲಿ ಆ ಒಂದು ಪದವನ್ನು ಸಾವಿರ ಸಲ ಕೇಳಿದ್ದ ಅಕ್ಕ ಸ್ಪಷ್ಟವಾಗಿ ಹೇಳಿದಳು: "ಮಾಫಿ ಮರೀದ್." ರೋಗಿ ಯಾರೂ ಇಲ್ಲ.

ಬೂಟು ಬಿಚ್ಚಿಸಿದರೆ ಹಿಮ್ಮಡಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಬೊಕ್ಕೆ. ಅಧಿಕಾರಿ ಅದಕ್ಕೊಂದು ಪ್ಲಾಸ್ಟರ್ ಅಂಟಿಸಿದ. ಆಮೇಲೆ ಶುರುವಾಯಿತು ಬೈಗುಳ. ಇದೇ ಹೊತ್ತಿಗೆ ಸಮುದ್ರದಲ್ಲಿ ಯಾರಾದರೂ ನಿಜವಾಗಿ ಮುಳುಗುತ್ತಿದ್ದರೆ ನಾವು ಇಲ್ಲಿ ನಿನ್ನ ಕಾಲು ಹಿಡಿದು ಕೂತಿರುತ್ತಿದ್ದೆವು ಎಂದ. ಅಂಗಡಿಯ ವ್ಯಾಪಾರಕ್ಕೆ ಸಾಕಾಗುವಷ್ಟೇ ಅರಬಿ ಬಲ್ಲ ಭಾವನಿಗೆ ಅಕ್ಕ ಅದನ್ನು ಅನುವಾದಿಸುವಾಗ ತನ್ನ ಕಡೆಯಿಂದಲೂ ನಾಲ್ಕು ಮಾತು ಸೇರಿಸಿದಳು. ಅರಬಿ ಅಷ್ಟು ಉದ್ದದ ಭಾಷೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಬೀಕನ್ ಕಿತ್ತುಕೊಂಡು ಅವರು ಹಾರಿಹೋದರು.

ಮರುದಿನ ಭಾವ "ಇವತ್ತು ಕೆಲಸ ಖಲಾಸ್" ಎನ್ನುತ್ತಲೇ ಅಂಗಡಿಗೆ ಹೋದರು. ಕಫೀಲನ, ಅಂದರೆ ಅಂಗಡಿಯ ಧಣಿಯ, ಪಕ್ಕದಲ್ಲಿ ದೋಣಿಯ ಯಜಮಾನ, ಒಬ್ಬ ಮುದುಕ, ಚಹಾ ಕುಡಿಯುತ್ತಾ ಕುಳಿತಿದ್ದನಂತೆ. ಮುತ್ಲಾದಲ್ಲಿ ಅಲೆ ಜೋರಿತ್ತೇ ಎಂದು ಮೊದಲು ಕೇಳಿದನಂತೆ. ಭಾವ ಪೆಚ್ಚಾಗಿ ನಕ್ಕರಂತೆ. ಆಮೇಲೆ ಮುದುಕ ನಗದೆ ಹೇಳಿದ್ದು ಇಷ್ಟು: ಕಂಟ್ರೋಲ್ ರೂಮಿನಿಂದ ಫೋನ್ ಬಂದಾಗ ಅವನ ಮಗ ಮನೆಯಲ್ಲಿರಲಿಲ್ಲ. ಮಗ ಬೀಕನ್ ವಾಪಸ್ ಪಡೆದು ಸಮುದ್ರಕ್ಕೆ ಹೋಗಿರಬೇಕೆಂದು ಹೆದರಿ, ದೋಣಿ ಕಟ್ಟಿದ ಜಾಗಕ್ಕೆ ಮುದುಕ ಬರಿಗಾಲಲ್ಲಿ ಓಡಿದ್ದ. ದೋಣಿ ಅಲ್ಲೇ ಇದ್ದದ್ದು ಕಂಡು, ಹಗ್ಗ ಹಿಡಿದು ನೆಲದ ಮೇಲೆ ಕುಳಿತುಬಿಟ್ಟಿದ್ದ.

ಕೆಲಸ ಉಳಿಯಿತು. ಆದರೆ ಬೀಕನ್‌ಗಳ ಕಪಾಟಿನ ಬೀಗದಕೈ ಭಾವನ ಕೈಯಿಂದ ಹೋಯಿತು. ಅವತ್ತು ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ಅವರು ಬಿರುಗಾಳಿಯನ್ನೂ ಸೇರಿಸಲಿಲ್ಲ, ಏನನ್ನೂ ಸೇರಿಸಲಿಲ್ಲ. ಅಕ್ಕನೂ ಒಂದು ವಾರ ಅವರನ್ನು ಅವರ ಪಾಡಿಗೆ ಬಿಟ್ಟಳು.

ವಾರ ಕಳೆದ ಮೇಲೆ ಮಾತ್ರ ಅಡುಗೆಮನೆಯಿಂದ ಅವಳ ಕೂಗು ಕೇಳಿಸಿತು: "ಕಪ್ತಾನರೇ, ಊಟಕ್ಕೆ ಬನ್ನಿ. ಅನ್ನ ಮುಳುಗುವಷ್ಟು ಸಾರು ಉಂಟು."

ಕಪ್ತಾನರು ಹೋಗಿ ಬಟ್ಟಲ ಮುಂದೆ ಕುಳಿತರು.