ಕಕ್ಕಡ ಹದಿನೆಂಟರ ಪಾಯಸ

ಬಿ.ಎ. ಮುಗಿಸಿ ಮಡಿಕೇರಿಗೆ ಹಿಂತಿರುಗಿದ ವರ್ಷ, ಮಳೆಗಾಲದ ಮೂರು ತಿಂಗಳು ಒಂದು ಅತಿಥಿಗೃಹದ ಅಡುಗೆಮನೆಯಲ್ಲಿ ಕೆಲಸ ಮಾಡಿದೆ. ದೊರೆಗಳು ಬಿಟ್ಟುಹೋದ ಎಸ್ಟೇಟ್ ಬಂಗಲೆಯನ್ನು ಯಜಮಾನಿಯೊಬ್ಬರು ಕೊಂಡು ಪ್ರವಾಸಿಗರಿಗೆಂದು ತೆರೆದಿದ್ದರು. ತರಕಾರಿ ಒಲೆ ನನ್ನದು. ಸೂಪು, ಕಟ್ಲೆಟ್ಟು, ಕಸ್ಟರ್ಡು ಬಟ್ಲರನದು. ದೊರೆಗಳು ಹೋಗಿ ವರ್ಷಗಳಾಗಿದ್ದರೂ ಅವನ ಮಟ್ಟಿಗೆ ಅವರಿನ್ನೂ ಹಡಗು ಹತ್ತಿರಲಿಲ್ಲ. ರೊಟ್ಟಿ ಒಲೆ ಕರಿಕೆ ಕಡೆಯ ಒಬ್ಬ ಅಕ್ಕನದು. ಅವಳ ಅಕ್ಕಿರೊಟ್ಟಿಯನ್ನು ಬಟ್ಲರ್ ಕೂಲಿಗಳ ಬ್ರೆಡ್ಡು ಎಂದು ಹೀಯಾಳಿಸುತ್ತ ದಿನಕ್ಕೆ ಎಂಟು ತಿನ್ನುತ್ತಿದ್ದ.

ಸೀಸನ್ ಮುಗಿದರೆ ಅಕ್ಕ ಮತ್ತೆ ಎಸ್ಟೇಟಿನ ಕೂಲಿಗಳ ಲೈನುಮನೆಗೆ, ಜಿಗಣೆಗಳ ನಡುವೆ ಕೆಲಸಕ್ಕೆ ಹೋಗಬೇಕಿತ್ತು. ನಾಡಿನ ಅಡುಗೆ ಅತಿಥಿಗಳಿಗೆ ಹಿಡಿಸಿದರೆ ಅವಳನ್ನು ಕಾಯಂ ಮಾಡುವುದಾಗಿ ಯಜಮಾನಿ ಹೇಳಿದ್ದರು.

ಸಂಪಾಜೆ ಬಳಿ ಗುಡ್ಡ ಜರಿದು ರಸ್ತೆ ಮುಚ್ಚಿದ್ದರಿಂದ, ಮಂಗಳೂರಿಗೆ ಹೊರಟಿದ್ದ ಮೈಸೂರಿನ ಮೂವರು ಅಧಿಕಾರಿಗಳು ನಮ್ಮಲ್ಲಿ ಉಳಿದರು. ಅಂದು ಕಕ್ಕಡ ಹದಿನೆಂಟು, ಅಂದರೆ ನಮ್ಮ ಕೊಡಗಿನ ಆಟಿ ತಿಂಗಳ ಹದಿನೆಂಟನೆಯ ದಿನ. ಆ ಒಂದು ದಿನ ಮದ್ದುಸೊಪ್ಪೆಂಬ ಕಾಡುಗಿಡದಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಎಂದು ನಮ್ಮವರ ನಂಬಿಕೆ. ಅಕ್ಕ ಸೊಪ್ಪು ಬೇಯಿಸಿ, ಆ ನೇರಳೆ ರಸದಲ್ಲಿ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡಿದಳು. ಅಧಿಕಾರಿಗಳು ಅದರ ಬಣ್ಣವನ್ನು ಇಂಗ್ಲಿಷಿನಲ್ಲಿ ಚರ್ಚಿಸಿ, ಮೂರು ಮೂರು ಬಟ್ಟಲು ತಿಂದರು. ಮುಟ್ಟದೆ ಬಿಟ್ಟ ಕಸ್ಟರ್ಡನ್ನು ಬಟ್ಲರ್ ಸಾವಿನ ಸುದ್ದಿ ತರುವವನಂತೆ ಒಳಗೆ ತಂದ.

ಬೆಳಿಗ್ಗೆ ಮೂವರೂ ಒಬ್ಬರ ಮುಖ ಒಬ್ಬರು ನೋಡದೆ ಊಟದ ಕೋಣೆಯಲ್ಲಿ ಕೂತಿದ್ದರು. ಒಬ್ಬರು ಡಾಕ್ಟರ್ ಎಲ್ಲಿದ್ದಾರೆಂದು ಬಟ್ಲರನನ್ನು ಗುಟ್ಟಾಗಿ ಕೇಳಿದರು. ಇನ್ನೊಬ್ಬರೂ ಗುಟ್ಟಾಗಿ ಅದನ್ನೇ ಕೇಳಿದರು. ಮೂರನೆಯವರು ಹೆಂಡತಿಗೆ ತಂತಿ ಕಳಿಸಬಹುದೇ ಎಂದರು. ಏನಾಗಿದೆ ಎಂದು ಮಾತ್ರ ಯಾರೂ ಬಾಯಿಬಿಡಲಿಲ್ಲ.

"ಅಮ್ಮಾವ್ರೇ, ನಾನು ಹೇಳಿರ್ಲಿಲ್ವಾ?" ಬಟ್ಲರ್ ಯಜಮಾನಿಯ ಬಳಿಗೆ ಓಡಿದ. "ಕಾಡುಸೊಪ್ಪು ತಿನ್ಸಿ ಗೌರ್ಮೆಂಟನ್ನೇ ಮಲಗಿಸಿದ್ಲು!"

ಯಜಮಾನಿ ಹೆದರಿ, ಗಂಟು ಕಟ್ಟು ಎಂದು ಅಕ್ಕನಿಗೆ ಹೇಳಿಬಿಟ್ಟರು. ಅಕ್ಕ ನನ್ನ ಕಡೆ ತಿರುಗಿದಳು.

"ಉಚ್ಚೆ ಕೆಂಪಾಗಿರ್ಬೇಕು ತಂಗಿ, ಅಷ್ಟೆ. ಅದ್ ಯಾರ್ಗೆ ಗೊತ್ತಿಲ್ಲೆ?"

ಅದು ಗೊತ್ತಿಲ್ಲದವರೂ ಲೋಕದಲ್ಲಿ ಇರಬಹುದೆಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

"ನೀನೇ ಹೋಗಿ ಹೇಳಕ್ಕ."

"ಛೀ, ಗಂಡಸ್ರಿಗೆ ನಾ ಹೆಂಗೆ ಹೇಳ್ದು? ನೀ ಓದಿದವ್ಳಲ್ವಾ!"

ತರ್ಕಶಾಸ್ತ್ರದ ಪಾಠದಲ್ಲಿ ಇಂಥ ಸಂದರ್ಭ ಬಂದಿರಲಿಲ್ಲ. ಊಟದ ಕೋಣೆಗೆ ಹೋಗಿ, ಗೋಡೆಯಲ್ಲಿದ್ದ ಕಾಡುಕೋಣದ ತಲೆಯನ್ನೇ ನೋಡುತ್ತ ಹೇಳಿದೆ: "ನಿನ್ನೆಯ ಪಾಯಸ ತಿಂದವರಿಗೆ ಮೂತ್ರ ಕೆಂಪಾಗುತ್ತೆ. ಆಗಲೇಬೇಕು. ಮದ್ದು ಮೈಗೆ ಹತ್ತಿದೆ ಅಂತ ಅರ್ಥ. ನಾಳೆಗೆ ಸರಿಹೋಗುತ್ತೆ."

ಹಿರಿಯ ಅಧಿಕಾರಿ ಗಂಟಲು ಸರಿಮಾಡಿಕೊಂಡರು.

"ತುಂಬಾ ಕೆಂಪಾಗಿದ್ದರೆ?"

"ತುಂಬಾ ಹತ್ತಿದೆ, ಸಾರ್."

ಅವರು ಬಡ್ತಿ ಸಿಕ್ಕಿದವರಂತೆ ಉಳಿದಿಬ್ಬರನ್ನು ನೋಡಿದರು. ಉಳಿದಿಬ್ಬರೂ ತಮ್ಮದೇನೂ ಕಡಿಮೆಯಿಲ್ಲ ಎಂದರು. ಹೆಂಡತಿಗೆ ತಂತಿ ಕಳಿಸಬೇಕೆಂದಿದ್ದವರು ಪಾಯಸ ಉಳಿದಿದೆಯೇ ಎಂದು ವಿಚಾರಿಸಿದರು.

ಇದನ್ನೆಲ್ಲ ಬಾಗಿಲಾಚೆ ನಿಂತು ಕೇಳಿದ ಯಜಮಾನಿ ಅಡುಗೆಮನೆಗೆ ಬಂದಾಗ ಅಕ್ಕ ಗಂಟು ಹಿಡಿದು ಬಾಗಿಲಲ್ಲಿದ್ದಳು.

"ಅದನ್ನ ಒಳಗಿಡು. ಇನ್ನು ನೀನು ಕಾಯಂ. ಆದ್ರೆ ಬಡಿಸೋ ಮೊದ್ಲು ಅತಿಥಿಗಳಿಗೆ ಹೇಳ್ಬೇಕು, ತಿಳೀತಾ?"

"ಮೊದ್ಲೇ ಹೇಳಿದ್ರೆ ಯಾರಮ್ಮಾ ತಿಂತಾರೆ?" ಎಂದು ಅಕ್ಕ ಗಂಟನ್ನು ಕೆಳಗಿಟ್ಟು, ರೊಟ್ಟಿಯ ಕಾವಲಿಯನ್ನು ಒಲೆಗೇರಿಸಿದಳು.